ಎರಡನೇ ಅರ್ಜಿದಾರರ ಸಹಿ

ಪೆನ್ನಿಗೆ ಮುಚ್ಚಳ ಕೂತ ‘ಟಕ್’ ಎಂಬ ಸದ್ದು ಅಷ್ಟು ಹೊತ್ತಿನಲ್ಲಿ ಮನೆಗೆಲ್ಲ ಕೇಳಿಸಿತು. ಜೋರಾಯಿತೇನೋ ಎನ್ನಿಸಿ ಅವಳು ಒಳಕೋಣೆಯ ಬಾಗಿಲ ಕಡೆ ನೋಡಿದಳು. ಅಲ್ಲಿ ಎಚ್ಚರವಾಗುವುದಕ್ಕೆ ಯಾರೂ ಇರಲಿಲ್ಲ. ಮಗಳು ಹಾಸ್ಟೆಲಿಗೆ ಹೋಗಿ ಎರಡು ವರ್ಷವಾಗಿತ್ತು. ಗಂಡ ತನ್ನ ಹಾಸಿಗೆ ಸುತ್ತಿಕೊಂಡು ತಮ್ಮ ಕನ್ನಡಕದ ಅಂಗಡಿಯ ಮೇಲಿನ ಕೋಣೆಗೆ ಹೋಗಿ ಒಂದೂವರೆ ವರ್ಷ. ಆದರೂ ರಾತ್ರಿ ಸದ್ದು ಮಾಡಬಾರದೆಂಬ ಅಭ್ಯಾಸ ಅವಳನ್ನು ಬಿಟ್ಟಿರಲಿಲ್ಲ.

ಮೇಜಿನ ಮೇಲೆ ಜಂಟಿ ಅರ್ಜಿಯ ಐದು ಹಾಳೆಗಳಿದ್ದವು. ಗಂಡ ಹೆಂಡತಿ ಇಬ್ಬರೂ ಒಪ್ಪಿ, ವಕೀಲರಿಲ್ಲದೆ, ವಾದವಿಲ್ಲದೆ ವಿಚ್ಛೇದನ ಪಡೆಯುವ ಸರಳ ವಿಧಾನ. ಸೂಚನೆಗಳ ಹಾಳೆಯನ್ನು ಅವಳು ಎಷ್ಟು ಸಲ ಓದಿದ್ದಳೆಂದರೆ ಅದರಲ್ಲಿ ಎರಡು ಕಡೆ ಅಚ್ಚಿನ ತಪ್ಪಿರುವುದೂ ಗೊತ್ತಾಗಿತ್ತು. ಚಿಕ್ಕ ಮಕ್ಕಳಿರಬಾರದು. ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಬೇರೆಯಾಗಿ ಬದುಕಿರಬೇಕು. ಅರ್ಜಿ ಕೊಡುವ ದಿನ ಇಬ್ಬರೂ ಇದೇ ಊರಿನ ವಾಸಿಗಳಾಗಿರಬೇಕು. ಒಬ್ಬರು ಇನ್ನೊಬ್ಬರ ಮೇಲೆ ಯಾವ ದೂರನ್ನೂ ಹೇಳಿರಬಾರದು.

ಈ ಕೊನೆಯ ಸಾಲಿಗಾಗಿಯೇ ಅವಳು ಇದನ್ನು ಆರಿಸಿಕೊಂಡದ್ದು. ಮೂರನೆಯದು ಮಾತ್ರ ಕುತ್ತಿಗೆಗೆ ಬಂದಿತ್ತು. ಸೋಮವಾರ ಅವಳು ಬೇರೊಂದು ಊರಿನ ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆಯ ಕೆಲಸಕ್ಕೆ ಸೇರಬೇಕು. ವಿಳಾಸ ಬದಲಾದರೆ ಈ ಅರ್ಜಿ ನಡೆಯದು. ನಾಳೆ ಶುಕ್ರವಾರ, ಅದು ತಪ್ಪಿದರೆ ಉಳಿಯುವುದು ಇನ್ನೊಂದು ಬಗೆಯ ಅರ್ಜಿ. ಅದರ ಪ್ರತಿಯನ್ನೂ ಅವಳು ತಂದು ನೋಡಿದ್ದಳು. ಅದರಲ್ಲಿ ಒಬ್ಬರು ದೂರುವವರು, ಇನ್ನೊಬ್ಬರು ದೂರಿಸಿಕೊಳ್ಳುವವರು. ‘ಎದುರುದಾರರ ತಪ್ಪುಗಳನ್ನು ದಿನಾಂಕ ಸಹಿತ ವಿವರಿಸಿ’ ಎಂದು ಹೇಳಿ ಕೆಳಗೆ ಇಪ್ಪತ್ತು ಗೆರೆ ಎಳೆದಿದ್ದರು. ಅದನ್ನು ಕಂಡ ಕೂಡಲೇ ತನಗೆ ಇಪ್ಪತ್ತು ಗೆರೆ ಸಾಲದು ಎಂದು ಹೊಳೆದದ್ದೇ ಅವಳನ್ನು ಹೆದರಿಸಿತ್ತು. ಕಾಗದವನ್ನು ಬೋರಲು ಹಾಕಿ ಇಟ್ಟಿದ್ದಳು.

ಜಂಟಿ ಅರ್ಜಿಯ ಪ್ರತಿ ಪುಟದ ಕೆಳಗೂ ಸಹಿ ಬೇಕಿತ್ತು. ಅದನ್ನು ಈಗಷ್ಟೇ ಸರಸರನೆ ಹಾಕಿ ಮುಗಿಸಿದ್ದಳು. ಮಲಗುವ ಮುಂಚೆ ಉತ್ತರಗಳನ್ನೆಲ್ಲ ಇನ್ನೊಮ್ಮೆ ಓದಿದಳು: ಹುಟ್ಟಿದ ದಿನ, ಮದುವೆಯ ದಿನ, ಬೇರೆಯಾದ ದಿನ. ಎಲ್ಲ ಸರಿ ಇತ್ತು. ಕೆಳಗಿನ ಸಹಿಗಳನ್ನು ನೋಡಬೇಕೆಂದು ಅವಳಿಗೆ ಹೊಳೆಯಲಿಲ್ಲ. ಸ್ವಂತ ಸಹಿಯನ್ನು ಯಾರು ಓದುತ್ತಾರೆ.

ಬೆಳಿಗ್ಗೆ ಹನ್ನೊಂದಕ್ಕೆ ಅವಳು ಹೋದಾಗ ಅವನು ಆಗಲೇ ಕಚೇರಿಯ ಉದ್ದ ಹಜಾರದಲ್ಲಿ ಬೆಂಚಿನ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ. ಕಿವಿಯ ಹಿಂದೆ ಮಾತ್ರ ಗಾಜು ಉಜ್ಜಿದ ಬಿಳಿ ಪುಡಿ. ಬೇಗ ಎದ್ದು ಯಾರದೋ ಕನ್ನಡಕ ಮುಗಿಸಿಯೇ ಬಂದಿದ್ದಾನೆ. ‘ಒರೆಸಿಕೊಳ್ಳಿ’ ಎನ್ನಲು ಬಾಯಿಗೆ ಬಂದದ್ದನ್ನು ಅವಳು ನುಂಗಿದಳು.

“ಟೋಕನ್ ತಗೊಂಡಿದೀನಿ. ಹದಿನಾಲ್ಕು. ಈಗ ಹತ್ತು ನಡೀತಿದೆ,” ಅಂದ.

“ತಿಂಡಿ ಆಯ್ತಾ?”

“ಹ್ಞೂಂ. ನಿಂದು?”

“ಆಯ್ತು.”

ಇಬ್ಬರದೂ ಆಗಿರಲಿಲ್ಲ. ಅವಳು ಬೆಂಚಿನ ಮೇಲೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತು, ಚೀಲದಿಂದ ಅರ್ಜಿ ತೆಗೆದು ಅವನಿಗೆ ಕೊಟ್ಟಳು.

“ಎಲ್ಲೆಲ್ಲಿ ಹಾಕ್ಬೇಕು?”

“ಪ್ರತಿ ಪುಟದ ಕೆಳಗೆ. ಎಡಕ್ಕೆ ಮೊದಲನೇ ಅರ್ಜಿದಾರರು, ಅದು ನಾನು. ಬಲಕ್ಕೆ ಎರಡನೆಯವರು. ಓದಿ ಹಾಕಿ.”

ಅವನು ಜೇಬಿನಿಂದ ಪೆನ್ನು ತೆಗೆದ. ನಿಧಾನವಾಗಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದ. ಮೊದಲ ಪುಟದ ಕೊನೆಗೆ ಬಂದವನು ನಿಂತ. ಎರಡನೆಯದನ್ನು ತಿರುಗಿಸಿದ. ಐದನ್ನೂ ತಿರುಗಿಸಿ ಮತ್ತೆ ಮೊದಲನೆಯದಕ್ಕೆ ಬಂದ.

“ನಾನು ಹಾಕಿ ಆಗಿದೆಯಲ್ಲ,” ಅಂದ.

ಅವಳು ಹಾಳೆಗಳನ್ನು ಕಸಿದುಕೊಂಡಳು. ಐದು ಪುಟದಲ್ಲೂ ಎಡಕ್ಕೆ ಅವಳ ಸಹಿ. ಐದು ಪುಟದಲ್ಲೂ ಬಲಕ್ಕೆ ಅವನದು: ದೊಡ್ಡದಾಗಿ ಸುತ್ತಿ ಬಂದ ಮೊದಲ ಅಕ್ಷರ, ಅದರಿಂದ ಹೊರಟು ಗೆರೆಯಾಚೆ ಹೋಗುವ ಉದ್ದನೆಯ ಬಾಲ, ಬಾಲದ ಕೆಳಗೊಂದು ಚುಕ್ಕೆ. ಅದೇ ನೀಲಿ ಮಸಿ.

ಅಂಗಡಿ ತೆರೆದ ಮೊದಲ ವರ್ಷದಿಂದಲೂ ಅವರ ಕೆಲಸ ನಡೆದದ್ದು ಹೀಗೆಯೇ. ಮುಂದೆ ಅವಳು: ಗೋಡೆಯ ಹಲಗೆಯ ಅಕ್ಷರ ಓದಿಸುವುದು, ಚೌಕಟ್ಟು ತೋರಿಸುವುದು, ಯಾರ ಮೂಗಿಗೆ ಯಾವುದು ಕೂರುತ್ತದೆಂದು ಹೇಳುವುದು. ಹಿಂದಿನ ಕೋಣೆಯಲ್ಲಿ ಅವನು: ಗಾಜು ಉಜ್ಜುವ ಯಂತ್ರ, ನೀರು, ಪುಡಿ. ಗಾಜಿನ ಪೆಟ್ಟಿಗೆ ತಂದವನು ಸಹಿ ಕೇಳಿದರೆ ಒಳಗಿನಿಂದ “ಕೈ ಒದ್ದೆ ಇದೆ, ನೀನೇ ಹಾಕ್ಬಿಡು” ಎಂಬ ಕೂಗು. ಪೆಟ್ಟಿಗೆಯ ರಸೀದಿಯಿಂದ ಶುರುವಾದದ್ದು ಮಗಳ ಅಂಕಪಟ್ಟಿ, ಗ್ಯಾಸಿನ ಅರ್ಜಿ, ವಿದ್ಯುತ್ ಕಚೇರಿಯ ಕಾಗದ ಎಂದು ಬೆಳೆದು, ಮೂರು ವರ್ಷದ ಹಿಂದೆ ಅಂಚೆಯಲ್ಲಿ ಕಳಿಸಿದ ಅವನ ಗುರುತಿನ ಚೀಟಿಯ ನವೀಕರಣದವರೆಗೂ ಬಂದಿತ್ತು. ಇಬ್ಬರ ಸಹಿ ಕೇಳಿದ ಕಡೆ ಎಡಕ್ಕೊಂದು ಬಲಕ್ಕೊಂದು, ಒಂದೇ ಉಸಿರಿಗೆ ಹಾಕಿ ಎದ್ದುಬಿಡುತ್ತಿದ್ದಳು. ನಿನ್ನೆ ರಾತ್ರಿಯೂ ಕೈ ಅದನ್ನೇ ಮಾಡಿತ್ತು. ತಲೆ ಉತ್ತರಗಳನ್ನು ಯೋಚಿಸುತ್ತಿದ್ದಾಗ ಕೈ ಅದರ ಪಾಡಿಗೆ ಸಂಸಾರ ಮಾಡಿತ್ತು.

“ಬೇರೆ ಫಾರಂ ಸಿಗಲ್ವಾ?” ಅವನು ಕೇಳಿದ.

“ಮುದ್ರೆ ಒತ್ತಿ ಕೊಡೋದು. ಮಂಗಳವಾರ, ಗುರುವಾರ ಮಾತ್ರ.”

“ಹೇಳ್ಬಿಡೋಣ. ಅಭ್ಯಾಸದಲ್ಲಿ ಹಾಕ್ಬಿಟ್ಲು ಅಂತ.”

“ಏನಂತ ಹೇಳ್ತೀರ? ಗಂಡನ ಒಪ್ಪಿಗೆಗೆ ಹೆಂಡತಿನೇ ಸಹಿ ಹಾಕಿದ್ಲು ಅಂತಾನಾ? ಅರ್ಜಿ ಹರಿದು ಕೈಗೆ ಕೊಡ್ತಾರೆ. ಕಳ್ಳ ಸಹಿ ಅಂತ ಪೊಲೀಸರನ್ನ ಕರೆದ್ರೂ ಕರೆದಾರು.”

“ಅಷ್ಟೆಲ್ಲ ಆಗಲ್ಲ ಬಿಡು.”

“ನಿಮಗೇನು ಗೊತ್ತು.”

ಆ ಹಳೆಯ ದನಿ ಹೊರಬಿದ್ದದ್ದು ಇಬ್ಬರಿಗೂ ಕೇಳಿಸಿತು. ಅವಳು ಹಾಳೆಗಳ ಅಂಚನ್ನು ಸಮ ಮಾಡಿದಳು. ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿದ.

ಅವರ ನಡುವೆ ಜಗಳವೆನ್ನುವಂಥದ್ದು ನಡೆದಿರಲೇ ಇಲ್ಲ. ಅವನು ಮಾತಾಡುವುದನ್ನು ಕಡಿಮೆ ಮಾಡುತ್ತ ಬಂದ. ಅವಳು ಪ್ರಶ್ನೆಯನ್ನೂ ಉತ್ತರವನ್ನೂ ತಾನೇ ಹೇಳಿಕೊಳ್ಳುತ್ತ ಬಂದಳು. ‘ಊಟಕ್ಕೆ ಬರ್ತೀರಾ? ಬರಲ್ಲ ಬಿಡಿ.’ ‘ಮಗಳ ಕಾಲೇಜಿಗೆ ಹೋಗಿ ಬರೋಣ್ವಾ? ಅಂಗಡಿ ಯಾರು ನೋಡ್ತಾರೆ, ನಾನೇ ಹೋಗ್ತೀನಿ.’ ಬೇರೆಯಾಗುವ ಮಾತನ್ನು ಎತ್ತಿದವಳೂ ಅವಳೇ. “ನಿನಗೆ ಸರಿ ಅನ್ನಿಸಿದ್ರೆ ನನಗೂ ಸರಿ,” ಅಂದಿದ್ದ. ಅದನ್ನು ಒಪ್ಪಿಗೆ ಎಂದು ಅವಳು ತೆಗೆದುಕೊಂಡಿದ್ದಳು.

“ಹದಿನಾಲ್ಕು,” ಎಂದು ಒಳಗಿನಿಂದ ಕರೆದರು.

“ಬಾ,” ಅಂದ ಅವನು, ಏಳುತ್ತ. “ಇಪ್ಪತ್ತು ವರ್ಷದಿಂದ ನಡೆದಿದೆ. ಅದೂ ನನ್ನ ಸಹಿನೇ ತಾನೇ.”

ಕಿಟಕಿಯ ಹಿಂದೆ ಕೂತಿದ್ದಾಕೆಗೆ ನಿವೃತ್ತಿಯ ವಯಸ್ಸು ಹತ್ತಿರವಿತ್ತು. ಕನ್ನಡಕ ನಿಮಿಷಕ್ಕೊಮ್ಮೆ ಮೂಗಿನ ತುದಿಗೆ ಜಾರುತ್ತಿತ್ತು. ನಿಮಿಷಕ್ಕೊಮ್ಮೆ ಆಕೆ ಅದನ್ನು ಹೆಬ್ಬೆರಳಿನಿಂದ ಮೇಲೆ ತಳ್ಳುತ್ತಿದ್ದರು. ಗಂಡನ ದೃಷ್ಟಿ ಅಲ್ಲೇ ನೆಟ್ಟಿರುವುದನ್ನು ಅವಳು ಕಂಡಳು. ಮಾತು ಬರುತ್ತದೆಂದು ಗೊತ್ತಿತ್ತು, ತಡೆಯಲಾಗಲಿಲ್ಲ.

“ಮೇಡಂ, ಎಡಗಡೆ ಮೂಗಿನ ಮೆತ್ತೆ ಬಾಗಿದೆ. ಒಂದು ನಿಮಿಷ ಕೊಟ್ರೆ ಇಲ್ಲೇ ಸರಿ ಮಾಡ್ತೀನಿ.”

“ಅರ್ಜಿದಾರರ ಕೈಯಲ್ಲಿ ನಾನು ಏನೂ ಮಾಡಿಸ್ಕೊಳ್ಳೋ ಹಾಗಿಲ್ಲ,” ಆಕೆ ತಲೆ ಎತ್ತದೆ ಹೇಳಿದರು. “ಹೊರಗೆ ಬೋರ್ಡು ಹಾಕಿದೆ, ಓದ್ಕೊಂಡು ಬನ್ನಿ. ಎರಡನೇ ಅರ್ಜಿದಾರರು ನೀವಾ?”

“ಹೌದು.”

“ಈ ಐದೂ ನಿಮ್ಮ ಸಹೀನಾ?”

ಅವನು ಹೆಂಡತಿಯ ಕಡೆ ನೋಡಲಿಲ್ಲ. “ಹೌದು ಮೇಡಂ,” ಅಂದ. ಅವನು ಸುಳ್ಳು ಹೇಳಿದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ. ಅವನ ಕಿವಿಗಳು ಕೆಂಪಾದವು.

“ಸರಿ. ನನ್ನೆದುರು ಇಬ್ಬರೂ ಈ ರಿಜಿಸ್ಟರಲ್ಲಿ ಒಂದೊಂದು ಸಹಿ. ಗುರುತಿನ ಚೀಟಿ ಈ ಕಡೆ ಕೊಡಿ.”

ಅವಳು ಮೊದಲು ಹಾಕಿದಳು. ಅವನು ಬಗ್ಗಿ, ರಿಜಿಸ್ಟರನ್ನು ಮೂಗಿಗೆ ಹತ್ತಿರ ಎಳೆದುಕೊಂಡು, ಬೆರಳಿನ ತುದಿಯಲ್ಲೇ ಏನನ್ನೋ ಬರೆದ. ಎರಡು ಸಣ್ಣ ಉಬ್ಬು, ಒಂದು ಗೀರು. ಇರುವೆಯೊಂದು ಕಾಗದದ ಮೇಲೆ ಕಾಲು ಮಡಚಿಕೊಂಡಂತೆ ಕಾಣುತ್ತಿತ್ತು. ಅವನ ಸಹಿ ಈಗ ಹೀಗಾಗಿದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಆಕೆ ಅದರ ಕೆಳಗೆ ಅಡಿಪಟ್ಟಿ ಇಟ್ಟರು. ಅರ್ಜಿ ನೋಡಿದರು, ಗುರುತಿನ ಚೀಟಿ ನೋಡಿದರು, ಮತ್ತೆ ರಿಜಿಸ್ಟರ್ ನೋಡಿದರು.

“ಇದೇನು ಸ್ವಾಮಿ?”

“ನನ್ನ ಸಹಿ.”

“ಹಾಗಾದ್ರೆ ಇವು ಯಾರದು?”

“ಅವೂ ನನ್ನವೇ,” ಅಂದ. ಒಂದು ಗಳಿಗೆ ಯೋಚಿಸಿ ಸೇರಿಸಿದ: “ಅದು ಕಾಗದಕ್ಕೆ. ಇದು ಅವಸರಕ್ಕೆ.”

ಹಿಂದೆ ಸಾಲಿನಲ್ಲಿ ನಿಂತವರು ಯಾರೋ ನಕ್ಕರು.

“ಮನೇಲಿ ನೀವು ಎಷ್ಟು ಬೇಕಾದ್ರೂ ಇಟ್ಕೊಳ್ಳಿ. ಇಲ್ಲಿ ನಡೆಯೋದು ಒಂದೇ.” ಆಕೆ ಕೆಂಪು ಪೆನ್ನು ತೆಗೆದು ಇರುವೆಯ ಮೇಲೆ ಗೆರೆ ಎಳೆದರು. “ಇನ್ನೊಂದು ಸಲಕ್ಕೆ ಅವಕಾಶ ಇದೆ. ಅದೂ ಹೊಂದಿಲ್ಲ ಅಂದ್ರೆ ಅರ್ಜಿ ನಿಲ್ಸಿ, ಕಾರಣ ಬರೆದು ಮೇಲಿನವರಿಗೆ ಕಳಿಸ್ತೀನಿ. ಹೋಗಿ ಕೂತ್ಕೊಳ್ಳಿ. ನಿಮ್ಮ ಸಹಿ ಯಾವುದು ಅಂತ ಇಬ್ಬರೂ ಸೇರಿ ತೀರ್ಮಾನ ಮಾಡ್ಕೊಂಡು ಬನ್ನಿ. ಒಂದು ಗಂಟೆಗೆ ಕಿಟಕಿ ಮುಚ್ತೀನಿ.”

ಆಕೆ ‘ಇಬ್ಬರೂ ಸೇರಿ’ ಎಂದದ್ದು ಅವಳ ಕಿವಿಯಲ್ಲಿ ಉಳಿಯಿತು. ಗೊತ್ತಾಗಿದೆ. ಇಲ್ಲ, ಬಾಯಿಮಾತಿಗೆ ಅಂದದ್ದಿರಬೇಕು. ಹಜಾರ ದಾಟುವಷ್ಟರಲ್ಲಿ ಅವಳು ಅದನ್ನು ನಾಲ್ಕು ಸಲ ಹಿಂದೆ ಮುಂದೆ ಮಾಡಿ ನೋಡಿದಳು.

ಹಜಾರದ ತುದಿಯಲ್ಲಿ, ನೀರಿನ ನಲ್ಲಿಯ ಪಕ್ಕದ ಬೆಂಚಿನಲ್ಲಿ ಯಾರೂ ಇರಲಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಅವಳ ಚೀಲದಲ್ಲಿ ಅಂಗಡಿಯ ಚೀಟಿಗಳ ಕಟ್ಟೊಂದಿತ್ತು. ಒಂದು ಕಡೆ ಬಲಗಣ್ಣು, ಎಡಗಣ್ಣು ಎಂದು ಅಚ್ಚಾದದ್ದು, ಇನ್ನೊಂದು ಕಡೆ ಖಾಲಿ. ಕಟ್ಟನ್ನು ತಿರುವಿ ಅವನ ಮೊಣಕಾಲ ಮೇಲಿಟ್ಟಳು. ಈಗ ನಡುವೆ ಜಾಗ ಬಿಟ್ಟು ಕೂರುವ ಹಾಗಿರಲಿಲ್ಲ.

“ಮೊದಲು ನೀನು ಹಾಕಿ ತೋರ್ಸು,” ಅಂದ.

ಅವಳು ಹಾಕಿದಳು. ಅವನು ಚೀಟಿಯನ್ನು ದೂರ ಹಿಡಿದು, ಗಾಜಿನಲ್ಲಿ ಗೀರು ಹುಡುಕುವ ಹಾಗೆ ಬೆಳಕಿಗೆ ವಾಲಿಸಿ ನೋಡಿದ.

“ಎಷ್ಟು ದೊಡ್ಡದು. ಇದನ್ನ ಎಲ್ಲಿಂದ ತಂದೆ?”

“ನಿಮ್ಮದೇ. ಅಂಗಡಿ ಬಾಡಿಗೆಗೆ ಹಿಡಿದಾಗಿನ ಕರಾರಲ್ಲಿ ಇದೆ. ಮೊದಲ ಸಲ ಪೆಟ್ಟಿಗೆಗೆ ಹಾಕ್ಬೇಕಾದಾಗ ಅದನ್ನ ಎದುರಿಗೆ ಇಟ್ಕೊಂಡು ಕಲ್ತೆ.”

“ನಾನಾ? ಇದನ್ನ?” ಅವನು ಮತ್ತೆ ನೋಡಿದ. ಮುಖದಲ್ಲಿ ಏನೋ ನೆನಪಾದ ಲಕ್ಷಣ ಬಂತು. “ಹೌದು. ಕರಾರಿಗೆ ಮುಂಚೆ ಒಂದು ವಾರ ಅಭ್ಯಾಸ ಮಾಡಿದ್ದೆ. ನಾಲ್ಕು ಅಂಗಡಿ ಆಗುತ್ತೆ, ದಿನಾ ನೂರು ಕಾಗದಕ್ಕೆ ಹಾಕ್ಬೇಕಾಗುತ್ತೆ, ನೋಡಿದವರು ಬೆಚ್ಚಬೇಕು ಅಂತ.” ಮೂಗಿನಲ್ಲೇ ನಕ್ಕ. “ಒಂದು ಅಂಗಡಿಗೆ ಇಷ್ಟು ಬಾಲ ಜಾಸ್ತಿ ಆಯ್ತು. ಅದಕ್ಕೇ ಉದುರಿ ಹೋಯ್ತೇನೋ.”

ಅವಳಿಗೂ ನಗು ಬಂತು. ಬಂದದ್ದಕ್ಕೆ ಬೆಚ್ಚಿ ಗಡಿಯಾರ ನೋಡಿದಳು.

“ಹಾಕಿ. ಬೇಗ.”

ಮೊದಲ ನಾಲ್ಕು ಕೆಟ್ಟದಾಗಿ ಬಂದವು. ಗಾಜಿನ ಅಂಚನ್ನು ಕೂದಲೆಳೆಯಷ್ಟು ತೆಗೆಯುವುದನ್ನು ಕಲಿತ ಕೈ ಅದು. ಬೆರಳು ಬಿಟ್ಟು ಬೇರೆ ಏನನ್ನೂ ನಂಬುತ್ತಿರಲಿಲ್ಲ.

“ಬೆರಳಿನಿಂದ ಬರೀಬೇಡಿ. ಮೊಣಕೈ ಎತ್ತಿ. ಇನ್ನೂ ಎತ್ತಿ. ಸುತ್ತು ಎಡದಿಂದ ಶುರು, ಹೊಟ್ಟೆ ಕೆಳಗೆ ಬರ್ಲಿ. ನಿಲ್ಲಿಸ್ಬೇಡಿ, ಅಲ್ಲಿಂದಲೇ ಬಾಲ. ಎಲ್ಲಿಗೆ ಹೋಗುತ್ತೆ ಅಂತ ನೋಡ್ಬೇಡಿ, ಬಿಟ್ಟುಬಿಡಿ.”

“ಬಸ್ಸು ಓಡ್ಸೋದು ಕಲಿಸ್ತಿದೀಯೋ ಸಹಿ ಕಲಿಸ್ತಿದೀಯೋ.”

“ಬಸ್ಸಾದ್ರೆ ಇಷ್ಟೊತ್ತಿಗೆ ಕಲ್ತಿರ್ತಿದ್ರಿ.”

ನೀರು ಹಿಡಿಯಲು ಬಂದ ಮುದುಕರೊಬ್ಬರು ಇಬ್ಬರನ್ನೂ ನೋಡಿ, ಚೀಟಿಯನ್ನೂ ನೋಡಿ, ಲೋಟ ತುಂಬಿಸಿಕೊಂಡು ಹೋದರು. ಏಳನೆಯದರಲ್ಲಿ ಸುತ್ತು ಬಂತು. ಒಂಬತ್ತನೆಯದರಲ್ಲಿ ಬಾಲವೂ ಬಂತು.

“ಈ ಚುಕ್ಕೆ ಯಾಕೆ?” ಅಂದ. “ಚುಕ್ಕೆ ಇಟ್ಟ ನೆನಪಿಲ್ಲ ನನಗೆ.”

ಅವಳು ಬಗ್ಗಿ ನೋಡಿದಳು. “ಅದು ನನ್ನದು. ಬರೆದು ಮುಗಿಸಿದ ಮೇಲೆ ಪೆನ್ನು ಊರೋ ಅಭ್ಯಾಸ. ಎಲ್ಲದರಲ್ಲೂ ಬಿದ್ದಿದೆ. ನೀವೂ ಇಡ್ಬೇಕಾಗುತ್ತೆ.”

ಅವನು ತಲೆಯಾಡಿಸಿ ಹೊಸ ಚೀಟಿ ತೆಗೆದ.

“ಬೇರೆಯಾದ ದಿನ ಅಂತ ಒಂದು ಕಾಲಂ ಇದೆಯಲ್ಲ,” ಅಂದ, ಬರೆಯುತ್ತಲೇ.

“ನೀವು ಹಾಸಿಗೆ ತಗೊಂಡು ಹೋದ ದಿನ ಹಾಕಿದೀನಿ. ತಪ್ಪಾ?”

“ಕಾಗದಕ್ಕೆ ಅದೇ ಸರಿ.”

“ಮತ್ತೆ?”

ಅವನು ಒಂದು ಸಹಿ ಪೂರ್ತಿ ಮಾಡಿದ. “ಮಗಳನ್ನ ಹೈಸ್ಕೂಲಿಗೆ ಸೇರಿಸಿದ್ವಲ್ಲ. ನಿನಗೆ ಜ್ವರ ಇತ್ತು. ಫಾರಂ ನಾನು ತುಂಬಿದ್ದು.”

ಮರೆಯುವಂಥದ್ದಲ್ಲ ಅದು. ವಿದ್ಯಾರ್ಥಿನಿಯ ಭಾವಚಿತ್ರ ಎಂದಿದ್ದ ಚೌಕದಲ್ಲಿ ಅವನು ತನ್ನ ಭಾವಚಿತ್ರವನ್ನು ಅಂಟಿಸಿ ಕೊಟ್ಟಿದ್ದ. ಶಾಲೆಯವರೂ ನೋಡದೆ ಕಾರ್ಡು ಮಾಡಿಬಿಟ್ಟಿದ್ದರು. ಎಂಟನೇ ತರಗತಿ, ಮಗಳ ಹೆಸರು, ಮೇಲೆ ಅಪ್ಪನ ಮೀಸೆ.

“ಕಾರ್ಡು ಬಂದ ಸಾಯಂಕಾಲ ನೀನು ನಿಮ್ಮಕ್ಕನಿಗೆ ಫೋನ್ ಮಾಡಿ ಅದನ್ನ ಹೇಳ್ತಿದ್ದೆ. ನಾನು ಹಿಂದೆ ಯಂತ್ರ ನಿಲ್ಸಿ ಗಾಜು ಒರೆಸ್ತಿದ್ದೆ. ಚೆನ್ನಾಗಿ ಹೇಳಿದೆ ನೀನು. ನನಗೂ ನಗು ಬಂತು.” ಪೆನ್ನು ಮತ್ತೆ ಸುತ್ತು ಹಾಕಿತು. “ಆಮೇಲೆ ಅದಕ್ಕಿಂತ ಹಳೇದೊಂದು ಹೇಳಿದೆ. ಅದಾದ ಮೇಲೆ ಇನ್ನೊಂದು. ಒಂದು ಗಂಟೆ ಆಯ್ತೇನೋ. ನಾನು ಮಾಡಿದ ಎಡವಟ್ಟು ಅಷ್ಟೊಂದು ಇದೆ ಅಂತ ನನಗೇ ಗೊತ್ತಿರ್ಲಿಲ್ಲ.”

ತುಂಬಿದ ಚೀಟಿಯನ್ನು ಅವಳು ಕಿತ್ತು ಪಕ್ಕಕ್ಕಿಟ್ಟಳು.

“ಅವತ್ತಿಂದ ನೀನು ಫೋನ್ ತಗೊಂಡ್ರೆ ನಾನು ಯಂತ್ರ ಹಾಕ್ತಿದ್ದೆ. ಗಾಜು ಇಲ್ದಿದ್ರೂ.”

ಸಂಜೆಗಳಲ್ಲಿ ಒಂದೇ ಸಮನೆ ಗುಂಯ್ಗುಡುತ್ತಿದ್ದ ಆ ಸದ್ದು ಅವಳಿಗೆ ನೆನಪಾಯಿತು. ಬಾಗಿಲ ಸಂದು, ಗ್ಯಾಸಿನ ಗುಬುಟು, ಮಗಳ ದನಿಯಲ್ಲಿನ ಏರಿಳಿತ, ಎಲ್ಲವನ್ನೂ ಎರಡೆರಡು ಸಲ ನೋಡುವವಳು ಅವಳು. ಆ ಯಂತ್ರದಲ್ಲಿ ಗಾಜಿದೆಯೋ ಇಲ್ಲವೋ ಎಂದು ಒಮ್ಮೆಯೂ ನೋಡಿರಲಿಲ್ಲ. ಬದಲಿಗೆ, ಅದೇ ಸದ್ದಿನ ನಡುವೆ ದನಿ ಏರಿಸಿ ಅಕ್ಕನಿಗೆ ಹೇಳಿದ್ದಳು: ಮೂರು ಹೊತ್ತೂ ಆ ಯಂತ್ರ ಕಣೇ ಅಕ್ಕ, ಮನುಷ್ಯನ ಜೊತೆ ಮಾತಿಲ್ಲ.

“ಯಾಕೆ ಹೇಳ್ಲಿಲ್ಲ ನನಗೆ?”

“ಏನಂತ ಹೇಳೋದು. ನೀನು ಸುಳ್ಳೇನೂ ಹೇಳಿರ್ಲಿಲ್ವಲ್ಲ.”

ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಕಿಟಕಿಯ ಮುಂದೆ ಈಗ ಇಬ್ಬರೇ ಉಳಿದಿದ್ದರು.

“ನಿಮಗೆ ಇದು ಬೇಡ ಅಂದ್ರೆ ಈಗಲೇ ಹೇಳಿ,” ಅಂದಳು. “ಬೇಡ ಅನ್ನಿಸಿದ್ರೆ ಎದ್ದು ಹೋಗೋಣ. ನಾನು ಏನೂ ಅನ್ಕೊಳ್ಳಲ್ಲ.” ಅಷ್ಟು ಹೇಳಿ, ಅಭ್ಯಾಸದಂತೆ ಉತ್ತರವೂ ನಾಲಿಗೆಯ ತುದಿಗೆ ಬಂತು. ತುಟಿ ಬಿಗಿಹಿಡಿದು ಕಾದಳು.

ಅವನು ಪೆನ್ನಿನ ತುದಿಯನ್ನು ಚೀಟಿಯ ಅಂಚಿಗೆ ಒರೆಸಿದ. ನಲ್ಲಿಯಿಂದ ಹನಿ ಬೀಳುತ್ತಿತ್ತು.

“ಇಲ್ಲ,” ಅಂದ ಕೊನೆಗೆ. “ನನಗೂ ಬೇಕು. ಮೇಲಿನ ಕೋಣೇಲಿ ಈಗ ರೇಡಿಯೋ ಇಟ್ಕೊಂಡಿದೀನಿ. ಸಾಯಂಕಾಲ ಯಂತ್ರ ಹಾಕಲ್ಲ.” ಚೀಟಿಯ ಮೇಲೆ ಇನ್ನೊಂದನ್ನು ಹಾಕಿದ, ಮೊಣಕೈ ಎತ್ತಿ, ನೋಡದೆ. ಅದು ಎಷ್ಟು ಸರಿಯಾಗಿ ಬಂತೆಂದರೆ ಮೊದಲು ಅವಳು ಹಾಕಿ ತೋರಿಸಿದ್ದು ಯಾವುದು ಎಂದು ಇಬ್ಬರೂ ಒಂದು ಗಳಿಗೆ ಹುಡುಕಿದರು. “ಐದು ಪುಟಕ್ಕೂ ನೀನೇ ಹಾಕಿದೀಯ. ಇದೊಂದನ್ನ ನಾನು ಹಾಕ್ತೀನಿ. ನಡಿ.”

ಕಿಟಕಿಯಾಕೆ ರಿಜಿಸ್ಟರನ್ನು ತಿರುಗಿಸಿ ಕೊಟ್ಟರು. ಅವಳು ಎರಡು ಹೆಜ್ಜೆ ಹಿಂದೆ ನಿಂತಳು. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ಬಲ ಮೊಣಕೈ ಮೇಲೆದ್ದದ್ದು ಕಂಡಿತು. ಸುತ್ತು. ಬಾಲ. ಅವನು ಪೆನ್ನನ್ನು ಕೆಳಗಿಟ್ಟ.

ಅಡಿಪಟ್ಟಿ ಬಂತು. ಅರ್ಜಿ, ಗುರುತಿನ ಚೀಟಿ, ರಿಜಿಸ್ಟರ್. ಕನ್ನಡಕ ಜಾರಿತು, ಆಕೆ ಈ ಸಲ ಅದನ್ನು ಮೇಲೆ ತಳ್ಳದೆ, ಅದರ ಮೇಲಿಂದ ನೇರವಾಗಿ ಅವನನ್ನು ನೋಡಿದರು. ಆಮೇಲೆ ಹಿಂದೆ ನಿಂತ ಹೆಂಡತಿಯನ್ನು ನೋಡಿದರು.

“ಚುಕ್ಕೆ ಮರೆತ್ರಿ,” ಅಂದರು.

ಅವನು ಮತ್ತೆ ಪೆನ್ನು ತೆಗೆದುಕೊಂಡು ಚುಕ್ಕೆ ಇಟ್ಟ.

“ಇಬ್ಬರದೂ ಸ್ವಂತ ಇಷ್ಟ ತಾನೇ? ಯಾರ ಒತ್ತಾಯವೂ ಇಲ್ಲ ತಾನೇ? ಬಾಯಿ ಬಿಟ್ಟು ಹೇಳ್ಬೇಕು.”

“ಸ್ವಂತ ಇಷ್ಟ,” ಅವನು ಹೇಳಿದ, ಅವಳಿಗಿಂತ ಮೊದಲು.

“ನೀವಮ್ಮ?”

ಯಾರಾದರೂ ಏನಾದರೂ ಕೇಳಿದಾಗ ಅವನ ಮಾತು ಮುಗಿಯುವುದನ್ನು ಕಾದು ಉತ್ತರಿಸುವುದು ಅವಳಿಗೆ ಹೊಸದು. “ಹೌದು,” ಅಂದಳು.

ಮುದ್ರೆ ಬಿತ್ತು. ಆದೇಶ ಅಂಚೆಯಲ್ಲಿ ಬರುತ್ತದೆ, ಒಂದು ತಿಂಗಳು ಹಿಡಿಯಬಹುದು, ಇಬ್ಬರೂ ಮತ್ತೆ ಬರಬೇಕಾಗಿಲ್ಲ ಎಂದು ಹೇಳಿ ಆಕೆ ಕಿಟಕಿಯ ಬಾಗಿಲನ್ನು ಎಳೆದುಕೊಂಡರು.

ಮೆಟ್ಟಿಲ ಬಳಿ ಅವನು ನಿಂತ. ಗೀಚಿದ ಚೀಟಿಗಳು ಇನ್ನೂ ಅವನ ಕೈಯಲ್ಲೇ ಇದ್ದವು. “ಇವು ನನಗಿರ್ಲಿ. ಸೋಮವಾರ ಪೆಟ್ಟಿಗೆ ಬರುತ್ತಲ್ಲ,” ಅಂದ.

“ಕೈ ಒರೆಸ್ಕೊಂಡು ಹಾಕಿ.”

“ಹ್ಞೂಂ.” ಚೀಟಿಗಳನ್ನು ಎರಡಾಗಿ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ. ಆಮೇಲೆ ಅವನು ಅಂಗಡಿಯ ದಾರಿ ಹಿಡಿದ. ಅವಳು ಬಸ್ಸು ನಿಲ್ದಾಣದ ಕಡೆ ಹೊರಟಳು.

ನಿಲ್ದಾಣ ತಲಪುವಷ್ಟರಲ್ಲಿ ಫೋನು ಬಂತು. ಅಕ್ಕ.

“ಏನಾಯ್ತೇ? ಬಂದಿದ್ನಾ ಪುಣ್ಯಾತ್ಮ?”

“ಬಂದಿದ್ರು. ಎಲ್ಲ ಆಯ್ತು.”

“ಆಯ್ತಾ? ಅಷ್ಟು ಸಲೀಸಾಗಿ? ಏನೂ ಎಡವಟ್ಟು ಮಾಡ್ಲಿಲ್ವಾ?”

ಅವಳು ನಿಲ್ದಾಣದ ಕಂಬಕ್ಕೆ ಒರಗಿ ನಿಂತಳು. ಕಥೆ ಪೂರ್ತಿ ಸಿದ್ಧವಾಗಿತ್ತು. ಅದನ್ನು ಅವಳು ಕಟ್ಟಬೇಕಾಗಿಯೇ ಇರಲಿಲ್ಲ. ಮೂಗಿನ ಮೆತ್ತೆ, ಕೆಂಪು ಗೆರೆ, ‘ಅದು ಕಾಗದಕ್ಕೆ, ಇದು ಅವಸರಕ್ಕೆ’, ಬೆಂಚಿನ ಮೇಲೆ ಕೂತು ಐವತ್ತು ವರ್ಷದ ಗಂಡಸು ತನ್ನ ಸಹಿ ತಾನು ಕಲಿತದ್ದು. ಎಲ್ಲಿ ತಡೆದು ನಿಲ್ಲಿಸಬೇಕು, ಎಲ್ಲಿ ಅಕ್ಕ ‘ಅಯ್ಯೋ ಸಾಕು ಕಣೇ, ಹೊಟ್ಟೆ ನೋಯ್ತಿದೆ’ ಎನ್ನುತ್ತಾಳೆ ಎಂಬುದೂ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೆಯದು ಅವಳಿಗೆ ಸಿಕ್ಕಿರಲಿಲ್ಲ.

“ಏ, ಇದೀಯೇನೇ?”

“ಇದೀನಿ.”

“ಏನೋ ಆಗಿದೆ. ನಿನ್ನ ದನಿ ನನಗೆ ಗೊತ್ತಾಗಲ್ವಾ. ಹೇಳು, ಏನ್ ಮಾಡ್ದ?”

“ಏನೂ ಇಲ್ಲ ಅಕ್ಕ. ಹೋದ್ವಿ, ಕರೆದ್ರು, ಸಹಿ ಹಾಕಿದ್ವಿ, ಬಂದ್ವಿ.”

“ಅಷ್ಟೇನಾ?”

“ಅಷ್ಟೇ.”

ಅಕ್ಕನಿಗೆ ನಿರಾಸೆಯಾದದ್ದು ಉಸಿರಿನಲ್ಲೇ ಕೇಳಿಸಿತು. ಸಾಮಾನು ಕಟ್ಟಿದ್ದಾಯಿತೇ, ಹೊಸ ಮನೆಯ ಬೀಗದ ಕೈ ಸಿಕ್ಕಿತೇ ಎಂದು ಅಕ್ಕ ಬೇರೆ ಮಾತು ತೆಗೆದಳು. ಅವಳು ಒಂದೊಂದಕ್ಕೂ ಉತ್ತರ ಕೊಟ್ಟು ಫೋನು ಇಟ್ಟಳು. ರಾತ್ರಿ ಮಗಳು ಕೇಳುತ್ತಾಳೆ. ಅವಳಿಗೂ ಇಷ್ಟೇ. ಮುಂದೆ ಆ ಊರಿನಲ್ಲಿ, ಆಸ್ಪತ್ರೆಯಲ್ಲಿ, ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಯಾರಾದರೂ ನಿಮ್ಮ ಯಜಮಾನರ ಕಥೆ ಏನು ಎಂದು ಎಳೆದರೆ, ಅವರಿಗೂ. ಯಾರಿಗೂ ಹೇಳುವುದಿಲ್ಲ.

ರಸ್ತೆಯಾಚೆ ಕಟ್ಟಡದ ಎರಡನೇ ಮಹಡಿಯಲ್ಲಿ ಹೆಂಗಸೊಬ್ಬಳು ಒಣಗಿದ ಹೊದಿಕೆಯ ಒಂದು ತುದಿಯನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು, ಎರಡೂ ತೋಳು ಚಾಚಿ ಒಬ್ಬಳೇ ಮಡಚುತ್ತಿದ್ದಳು. ಬಸ್ಸು ಬಂದು ಅಡ್ಡ ನಿಲ್ಲುವವರೆಗೂ ಅವಳು ಅದನ್ನೇ ನೋಡುತ್ತ ನಿಂತಳು.